ದೋಣಿಯ ಟಾಯ್ಲೆಟ್‌ಗೆ ಸಂಸ್ಕರಣಾ ಯಂತ್ರ: ಐದು ವರ್ಷ ಬಳಸಿದ ಮೇಲೆ

ನಮ್ಮದು 34 ಅಡಿಯ ಹಾಯಿದೋಣಿ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ, ಅನಾಪೊಲಿಸ್ ಹತ್ತಿರ ನಿಲ್ಲಿಸುತ್ತೇವೆ. ಅದರ ಟಾಯ್ಲೆಟ್‌ಗೆ ಟೈಪ್ 1 ಯಂತ್ರ, ಅಂದರೆ ಕೊಳಚೆಯನ್ನು ದೋಣಿಯಲ್ಲೇ ಸಂಸ್ಕರಿಸಿ ಹೊರಗಿನ ನೀರಿಗೆ ಬಿಡುವ ಯಂತ್ರ, ಕೂರಿಸಿ ಐದು ವರ್ಷವಾಯಿತು.

ಫ್ಲಶ್ ಮಾಡಿದ್ದನ್ನು ಇದು ನುಣ್ಣಗೆ ಅರೆಯುತ್ತದೆ. ಒಳಗಿನ ಲೋಹದ ಫಲಕಗಳಿಗೆ ಕರೆಂಟ್ ಹರಿದಾಗ ಉಪ್ಪುನೀರಿನಲ್ಲೇ ಕ್ಲೋರಿನ್ ಹುಟ್ಟಿ ರೋಗಾಣುಗಳನ್ನು ಕೊಲ್ಲುತ್ತದೆ. ನಿಯಮದ ಪ್ರಕಾರ ಹೊರಹೋಗುವ 100 ಮಿಲಿಲೀಟರ್ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ 1000 ದಾಟಬಾರದು, ತೇಲುವ ಗಟ್ಟಿ ಪದಾರ್ಥ ಕಣ್ಣಿಗೆ ಬೀಳಬಾರದು.

ಮೊದಲ ವರ್ಷ ಲ್ಯಾಬ್‌ಗೆ ನೀರು ಕೊಟ್ಟೆ. ಫೇಲ್! ತುಂಬಾ ಬೇಜಾರಾಯಿತು. ಕಾರಣ ಉಪ್ಪು. ನದಿಗಳು ಬಂದು ಸೇರುವ ಈ ಕೊಲ್ಲಿಯ ನೀರು ಸಮುದ್ರದಷ್ಟು ಉಪ್ಪಲ್ಲ, ನಮ್ಮ ಕಡೆ ಇನ್ನೂ ಸಪ್ಪೆ. ಉಪ್ಪು ಬೆರೆಸುವ ಪುಟ್ಟ ಟ್ಯಾಂಕ್ ಜೋಡಿಸಿದ ಮೇಲೆ ಎರಡು ಸಲ ಪರೀಕ್ಷೆ ಮಾಡಿಸಿದೆ. ಎರಡೂ ಸಲ ಮಿತಿಗಿಂತ ಎಷ್ಟೋ ಕೆಳಗೆ ಬಂತು. ವಾಸನೆಯೂ ಇಲ್ಲ.

ಫಲಕಗಳ ಮೇಲೆ ಬಿಳಿ ಗಾರೆ ಕಟ್ಟುತ್ತದೆ, ಆಗಾಗ ಆಸಿಡ್ ಹಾಕಿ ತೊಳೆಯಬೇಕು. ಬ್ಯಾಟರಿಯನ್ನೂ ಜಾಸ್ತಿ ಎಳೆಯುತ್ತದೆ.

ಆದರೆ ನನ್ನನ್ನು ಕಾಡುವುದು ಬೇರೆ ವಿಷಯ. ರೋಗಾಣು ಸತ್ತ ಮಾತ್ರಕ್ಕೆ ನೀರು ಶುದ್ಧವಾಗಲಿಲ್ಲ, ಅಲ್ವಾ? ಸಾರಜನಕ, ರಂಜಕ ಹಾಗೇ ಹೊರಗೆ ಹೋಗುತ್ತವೆ. ಅವೇ ಪಾಚಿಗೆ ಗೊಬ್ಬರ. ಪಾಚಿ ಸತ್ತು ಕೊಳೆತಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ಪ್ರತಿ ಬೇಸಿಗೆ ಈ ಕೊಲ್ಲಿಯ ಆಳದಲ್ಲಿ ಏಡಿ, ಮೀನುಗಳಿಗೆ ಉಸಿರು ಕಟ್ಟುವುದು ಹೀಗೆಯೇ. ಹೊಲದ ಗೊಬ್ಬರ, ಊರಿನ ಚರಂಡಿಗಳ ಪಾಲು ನಮ್ಮದಕ್ಕಿಂತ ಎಷ್ಟೋ ದೊಡ್ಡದು, ನಿಜ. ಆದರೂ ಹತ್ತಾರು ದೋಣಿ ಲಂಗರು ಹಾಕುವ, ನೀರು ಸರಿಯಾಗಿ ಹರಿಯದ ಸಣ್ಣ ಮೂಲೆಯಲ್ಲಿ, ಮಕ್ಕಳು ಈಜುವ ಜಾಗದಲ್ಲಿ, ನನಗೆ ಬಟನ್ ಒತ್ತಲು ಮನಸ್ಸು ಬರುವುದಿಲ್ಲ. ಅಲ್ಲಿ ಕೊಳಚೆಯನ್ನು ಕೂಡಿಡುವ ಹೋಲ್ಡಿಂಗ್ ಟ್ಯಾಂಕ್‌ಗೆ ತಿರುಗಿಸುತ್ತೇನೆ, ಆಮೇಲೆ ಮರೀನಾದಲ್ಲಿ (ದೋಣಿ ನಿಲ್ದಾಣದಲ್ಲಿ) ಪಂಪ್‌ಔಟ್, ಅಂದರೆ ಪಂಪ್ ಹಚ್ಚಿ ಟ್ಯಾಂಕ್ ಖಾಲಿ ಮಾಡಿಸುವುದು.

ಇದೇ ಕೊಲ್ಲಿಯ ಹೆರಿಂಗ್ ಬೇಯಂಥ ವಿಸರ್ಜನೆ ನಿಷೇಧಿತ ಜಾಗಗಳಲ್ಲಿ ಸಂಸ್ಕರಿಸಿದ್ದನ್ನೂ ಬಿಡುವಂತಿಲ್ಲ. ಹೊರಗೆ ಹೋಗುವ ವಾಲ್ವ್ ಮುಚ್ಚಿ ಭದ್ರಪಡಿಸಬೇಕು.

ಪಂಪ್‌ಔಟ್ ದೂರವಿರುವ ಕಡೆ ದಿನಗಟ್ಟಲೆ ಓಡಾಡುವವರು ಧೈರ್ಯವಾಗಿ ಕೊಳ್ಳಬಹುದು. ವಾರಾಂತ್ಯಕ್ಕೆ ಮಾತ್ರ ಹೋಗುವವರಿಗೆ ಟ್ಯಾಂಕ್ ಒಂದೇ ಸಾಕು. ಯಂತ್ರ ಬಂತೆಂದು ಹಳೆಯ ಟ್ಯಾಂಕ್ ಮಾತ್ರ ಕಿತ್ತು ಹಾಕಬೇಡಿ.