ಹತ್ತು ಲಕ್ಷದ ಟೀ ಫ್ರಾಂಚೈಸಿ: ಬ್ರೋಷರ್ ಬಿಟ್ಟು ಲೆಕ್ಕ ನೋಡಿದರೆ

ಬೆಂಗಳೂರಿನಲ್ಲಿ ಮಾರುವ ಸಣ್ಣ ಟೀ-ಕಾಫಿ ಫ್ರಾಂಚೈಸಿ ಪ್ಯಾಕೇಜ್‌ಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. ನೂರೈವತ್ತು ಚದರಡಿ ಮಳಿಗೆ, ಕೌಂಟರ್, ಮೆಷಿನ್, ಬೋರ್ಡು, ನಾಲ್ಕು ದಿನದ ತರಬೇತಿ, ಐದು ವರ್ಷದ ಕರಾರು. ಜತೆಗೆ ‘ಶೇ. 60 ಮಾರ್ಜಿನ್’ ಎಂಬ ದಪ್ಪಕ್ಷರ. ಹಾಲು, ಪುಡಿ, ಸಕ್ಕರೆ, ಕಪ್ಪಿನ ಖರ್ಚನ್ನಷ್ಟೇ ಕಳೆದರೆ ಅದು ನಿಜವೇ. ಬಾಡಿಗೆ, ಹುಡುಗರ ಸಂಬಳ ಆ ಪುಟಕ್ಕೆ ಬರುವುದಿಲ್ಲ.

ದಿನಕ್ಕೆ 6,000 ರೂ. ವ್ಯಾಪಾರ, ತಿಂಗಳಿಗೆ 1,80,000 ಎಂದಿಟ್ಟುಕೊಳ್ಳಿ. ಅದರಲ್ಲೇ ಸೇರಿರುವ ಶೇ. 5 ಜಿಎಸ್‌ಟಿ 8,600. ಉಳಿದದ್ದರ ಮೇಲೆ ಶೇ. 6 ರಾಯಲ್ಟಿ (ಹೆಸರು ಬಳಸುವುದಕ್ಕೆ ಕಂಪನಿಗೆ ಕೊಡುವ ಪಾಲು), ಆ ರಾಯಲ್ಟಿಗೆ ಮತ್ತೆ ಶೇ. 18 ಜಿಎಸ್‌ಟಿ: ಒಟ್ಟು 12,100. ಮಾಲು, ಜಿಎಸ್‌ಟಿ ಕಳೆದ ವ್ಯಾಪಾರದ ಶೇ. 40ರಂತೆ, 68,600. ಬಾಡಿಗೆ 35,000, ಮೂವರ ಸಂಬಳ 54,000, ಕರೆಂಟು-ಗ್ಯಾಸು 12,000. ಕೂಡಿದರೆ 1,90,300. ಹತ್ತು ಸಾವಿರ ಕೈಯಿಂದ ಹೋಯಿತು. ಈ ಅಂಗಡಿ ಲಾಭ-ನಷ್ಟವಿಲ್ಲದೆ ನಿಲ್ಲಲು ದಿನಕ್ಕೆ ಸುಮಾರು 6,700 ಬೇಕು; ಹಾಕಿದ ಹತ್ತು ಲಕ್ಷ ಐದು ವರ್ಷದಲ್ಲಿ ಮರಳಲು 7,800. ಮಾಲೀಕರ ಸಂಬಳ ಇನ್ನೂ ಸೇರಿಲ್ಲ. ಶೇ. 5ರ ದರದಲ್ಲಿ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗದ ಕಾರಣ, 3 ಲಕ್ಷದ ಫ್ರಾಂಚೈಸಿ ಫೀಸಿಗೆ ಕಟ್ಟಿದ 54,000 ಜಿಎಸ್‌ಟಿಯೂ ಖರ್ಚೇ.

‘ರಾಯಲ್ಟಿ ಸೊನ್ನೆ’ ಎಂದರೆ ಇನ್ನೂ ಹುಷಾರು. ಅಲ್ಲಿ ರಾಯಲ್ಟಿ, ಕಂಪನಿ ಮಾರುವ ಪ್ರೀಮಿಕ್ಸ್ (ಸಿದ್ಧ ಟೀ-ಕಾಫಿ ಮಿಶ್ರಣ) ಚೀಲದ ಬೆಲೆಯೊಳಗೆ ಕೂತಿರುತ್ತದೆ. ಕಂಪನಿಯ ದರಪಟ್ಟಿ ಮೊದಲೇ ಕೇಳಿ, ಅದೇ ಅಳತೆಯ ಪೇಪರ್ ಕಪ್‌ಗೆ, ಟೀಪುಡಿಗೆ ಚಿಕ್ಕಪೇಟೆಯ ಹೋಲ್‌ಸೇಲ್ ದರ ಪಕ್ಕದಲ್ಲಿಟ್ಟು ನೋಡಿ. ವರ್ಷಕ್ಕೆ ದರ ಎಷ್ಟು ಏರಿಸಬಹುದು ಎಂಬ ಮಿತಿ ಕರಾರಿನಲ್ಲಿ ಬರಬೇಕು.

ಕಂಪನಿ ಹೇಳುವ ವ್ಯಾಪಾರವನ್ನು ಪರೀಕ್ಷಿಸಲು 40 ರೂಪಾಯಿ ಸಾಕು. ಈಗಿರುವ ಮಳಿಗೆಯೊಂದರಲ್ಲಿ ಬೆಳಿಗ್ಗೆ ತೆರೆದ ಕೂಡಲೇ ಒಂದು ಟೀ, ರಾತ್ರಿ ಮುಚ್ಚುವ ಹೊತ್ತಿಗೆ ಇನ್ನೊಂದು. ಎರಡು ಬಿಲ್ ಸಂಖ್ಯೆಗಳ ವ್ಯತ್ಯಾಸವೇ ಆ ದಿನದ ಗಿರಾಕಿಗಳ ಲೆಕ್ಕ. ಟೋಕನ್ ನಂಬರ್ ನೋಡಬೇಡಿ, ಅದು ಮಧ್ಯೆ ಮತ್ತೆ ಒಂದರಿಂದ ಶುರುವಾಗಬಹುದು. ಮಂಗಳವಾರ ಒಮ್ಮೆ, ಭಾನುವಾರ ಒಮ್ಮೆ ಮಾಡಿ: ಬೆಳ್ಳಂದೂರಿನ ಟೆಕ್ ಪಾರ್ಕ್ ಎದುರಿನ ಅಂಗಡಿ ಭಾನುವಾರ ಖಾಲಿ, ಮಲ್ಲೇಶ್ವರದ್ದು ಅಂದೇ ತುಂಬಿರುತ್ತದೆ.

ಹೆಚ್ಚಿನವರು ಎಡವುವುದು ಬಾಡಿಗೆಯಲ್ಲಿ. ಫ್ರಾಂಚೈಸಿ ಕರಾರು ಐದು ವರ್ಷ, ಮಳಿಗೆ ಕರಾರು ಹನ್ನೊಂದು ತಿಂಗಳು. ಓನರ್ ಬಿಡಿಸಿದರೆ ಒಳಾಂಗಣಕ್ಕೆ ಸುರಿದ ದುಡ್ಡು ಗೋಡೆಯಲ್ಲೇ ಉಳಿಯುತ್ತದೆ. ಐದು ವರ್ಷಕ್ಕೆ ಬರೆಸಿ, ರಿಜಿಸ್ಟರ್ ಮಾಡಿಸಿ. ವರ್ಷಕ್ಕೂ ಹೆಚ್ಚಿನ ಲೀಸ್‌ಗೆ ನೋಂದಣಿ ಕಡ್ಡಾಯ. ಹಳೆಯ ಮಳಿಗೆಗಳಲ್ಲಿ ಬೆಸ್ಕಾಂ ಮಂಜೂರು ಲೋಡ್ 2-3 ಕಿಲೋವಾಟ್ ಇರುವುದುಂಟು. ಕಾಫಿ ಮೆಷಿನ್, ಗ್ರಿಲ್, ಫ್ರೀಜರ್ ಒಟ್ಟಿಗೆ ಓಡಿದರೆ 7-8 ಬೇಕಾದೀತು. ಮೀಟರ್ ಓನರ್ ಹೆಸರಲ್ಲಿದ್ದರೆ ಲೋಡ್ ಏರಿಸಲು ಅವರ ಸಹಿ ಬೇಕು. ಅಡ್ವಾನ್ಸ್ ಕೊಡುವ ಮುನ್ನವೇ ಒಪ್ಪಿಸಿ. ಕಂಪನಿಯ ಇಂಗ್ಲಿಷ್ ಬೋರ್ಡನ್ನು ಹಾಗೇ ತಗುಲಿಸುವಂತಿಲ್ಲ: ಕರ್ನಾಟಕದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು. ಮತ್ತೆ ಮಾಡಿಸುವ ಖರ್ಚು ಯಾರದು ಎಂದು ಬರೆಸಿಕೊಳ್ಳಿ. ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಪರವಾನಗಿ ನಿಮ್ಮ ಹೆಸರಲ್ಲೇ ಆಗಬೇಕು.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯೇ ಮುಖ್ಯ ಆಧಾರ. ಹಾಗಾಗಿ ಫೋನಿನಲ್ಲಿ ಸೇಲ್ಸ್‌ನವರು ಹೇಳಿದ್ದಕ್ಕೆ ಬೆಲೆ ಕಡಿಮೆ, ಕಾಗದದಲ್ಲಿದ್ದದ್ದೇ ಗಟ್ಟಿ. ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹೆಸರನ್ನು 43ನೇ ವರ್ಗದಲ್ಲಿ (ಹೋಟೆಲ್, ಆಹಾರ ಸೇವೆಗಳದ್ದು) ಹುಡುಕಿ. ‘ಅಬ್ಜೆಕ್ಟೆಡ್’ ಎಂದಿದ್ದರೆ ಇನ್ನೂ ಪಕ್ಕಾ ಆಗದ ಹೆಸರಿಗೆ ಫೀಸು ಕಟ್ಟುತ್ತಿದ್ದೀರಿ. ‘ಒಂದು ಕಿಲೋಮೀಟರ್‌ನಲ್ಲಿ ಬೇರೆ ಮಳಿಗೆ ಇಲ್ಲ’ ಎಂಬ ಷರತ್ತಿನಲ್ಲಿ ಕ್ಲೌಡ್ ಕಿಚನ್ನೂ (ಡೆಲಿವರಿಗಷ್ಟೇ ನಡೆಸುವ ಅಡುಗೆಮನೆ) ಸೇರಲಿ. ವ್ಯಾಜ್ಯ ದೆಹಲಿಯಲ್ಲೇ ನಡೆಯಬೇಕೆಂದಿದ್ದರೆ ಬೆಂಗಳೂರು ಎಂದು ತಿದ್ದಿಸಿ.

ಟೋಕನ್ ಹಣ ವಾಪಸ್ ಇಲ್ಲ ಎಂದು ಅವಸರಪಡಿಸುವ ಪ್ಯಾಕೇಜ್ ಬೇಡವೇ ಬೇಡ. ಮಳಿಗೆ ಕರಾರು ಮೊದಲು, ಫೀಸು ಆಮೇಲೆ.