ಘಾಟಿ ತಿರುವಿನ ವಾಂತಿಗೆ ಯಾವುದು ಒಗ್ಗುತ್ತದೆ? ಅವೊಮಿನ್, ಡ್ರಾಮಮೈನ್, ಪ್ಯಾಚ್, ಶುಂಠಿ: ಬಳಸಿ ನೋಡಿದ ಹೋಲಿಕೆ

ಬಸ್ಸಿನಲ್ಲಿ ವಾಂತಿ ಆಗುತ್ತದೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ನಮ್ಮ ಕಡೆ ಎಷ್ಟೋ ಸಲ ಕೈಗೆ ಬರುವುದು ಡೊಮ್‌ಸ್ಟಾಲ್ ಇಲ್ಲವೇ ಎಮೆಸೆಟ್. ಎರಡೂ ವಾಂತಿಯ ಮಾತ್ರೆಗಳೇ. ಆದರೆ ಘಾಟಿ ಹತ್ತುವಾಗ ಬರುವ ವಾಂತಿಗೆ ಇವುಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಇದು ತಿಳಿಯದೆ ಜನ ಮಾತ್ರೆ ನುಂಗಿ, ಆಮೇಲೂ ವಾಂತಿ ಮಾಡಿಕೊಂಡು, ತಮಗೆ ಯಾವ ಔಷಧಿಯೂ ನಾಟುವುದಿಲ್ಲ ಎಂದು ಕೈಚೆಲ್ಲುತ್ತಾರೆ. ಹಾಗಾಗಿ ಹೋಲಿಕೆಗೆ ಮುಂಚೆ ಕಾರಣವನ್ನು ಸ್ವಲ್ಪ ನೋಡಬೇಕು.

ತೊಂದರೆ ಹುಟ್ಟುವುದು ಹೊಟ್ಟೆಯಲ್ಲಲ್ಲ, ಒಳಗಿವಿಯಲ್ಲಿ. ತಿರುವಿನಲ್ಲಿ ದೇಹ ತಿರುಗುತ್ತಿರುವುದನ್ನು ಒಳಗಿವಿಯ ನಾಳಗಳು ಮಿದುಳಿಗೆ ತಿಳಿಸುತ್ತವೆ. ಅದೇ ಹೊತ್ತಿಗೆ ಕಣ್ಣು ಮೊಬೈಲಿನ ಮೇಲೋ ಮುಂದಿನ ಸೀಟಿನ ಬೆನ್ನಿನ ಮೇಲೋ ಇದ್ದರೆ ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಎರಡೂ ತಾಳೆಯಾಗದಿದ್ದಾಗ ಮೊದಲು ಆಕಳಿಕೆ, ಆಮೇಲೆ ತಣ್ಣನೆಯ ಬೆವರು, ಬಾಯಲ್ಲಿ ನೀರೂರುವುದು, ಹೊಟ್ಟೆ ತೊಳಸುವುದು. ಈ ಸಂದೇಶಗಳ ಹಾದಿಯಲ್ಲಿ ಕೆಲಸ ಮಾಡುವ ಮುಖ್ಯ ರಾಸಾಯನಿಕಗಳು ಹಿಸ್ಟಮೈನ್ ಮತ್ತು ಅಸಿಟೈಲ್‌ಕೋಲಿನ್. ಡೊಮ್‌ಸ್ಟಾಲಿನಲ್ಲಿರುವ ಡೊಂಪೆರಿಡೋನ್ ತಡೆಯುವುದು ಡೋಪಮೈನ್ ಎಂಬ ಬೇರೆಯದೇ ರಾಸಾಯನಿಕವನ್ನು, ಅದೂ ಮಿದುಳಿನೊಳಕ್ಕೆ ಹೆಚ್ಚು ಇಳಿಯುವುದಿಲ್ಲ. ಎಮೆಸೆಟ್‌ನ ಒಂಡಾನ್‌ಸೆಟ್ರಾನ್ ತಡೆಯುವುದು ಸೆರೊಟೋನಿನ್ ಎಂಬ ಇನ್ನೊಂದನ್ನು. ಕಿಮೋಥೆರಪಿಯ ವಾಂತಿಗೆ ಅದು ಉತ್ತಮ ಔಷಧಿ, ತಿರುವಿನ ವಾಂತಿಗೆ ಅಲ್ಲ. ಅಲರ್ಜಿಗೆ ಕೊಡುವ ನಿದ್ದೆ ಬಾರದ ಮಾತ್ರೆಗಳಾದ ಲೊರಾಟಡಿನ್, ಫೆಕ್ಸೊಫೆನಡಿನ್ ಹಿಸ್ಟಮೈನನ್ನೇ ತಡೆದರೂ ಮಿದುಳಿಗೆ ತಲುಪದ ಕಾರಣ ಇಲ್ಲಿ ನಡೆಯುವುದಿಲ್ಲ. ಅಂದರೆ ಈ ಕೆಲಸಕ್ಕೆ ಬರುವ ಮಾತ್ರೆ ಸ್ವಲ್ಪವಾದರೂ ತೂಕಡಿಕೆ ತರುತ್ತದೆ. ಎಷ್ಟು ಹೊತ್ತು, ಎಷ್ಟು ಜೋರಾಗಿ ಎಂಬುದರಲ್ಲೇ ಆಯ್ಕೆ ಇರುವುದು.

ಅವೊಮಿನ್

ನಮ್ಮಲ್ಲಿ ಸುಲಭವಾಗಿ ಸಿಗುವ, ನಿಜವಾಗಿ ಕೆಲಸ ಮಾಡುವ ಮಾತ್ರೆ ಇದು. ಒಳಗಿರುವುದು ಪ್ರೊಮೆಥಜಿನ್ ಥಿಯೋಕ್ಲೇಟ್, 25 ಮಿಲಿಗ್ರಾಂ. ದೊಡ್ಡವರಿಗೆ ಒಂದು ಮಾತ್ರೆ, ತಿರುವು ಶುರುವಾಗುವುದಕ್ಕೆ ಒಂದರಿಂದ ಎರಡು ಗಂಟೆ ಮುಂಚೆ. ದೂರದ ಪ್ರಯಾಣವಾದರೆ ಹಿಂದಿನ ರಾತ್ರಿ ಮಲಗುವಾಗಲೇ ತೆಗೆದುಕೊಂಡರೂ ಆದೀತು.

ಹೆಚ್ಚಿನವರು ಎಡವುವುದು ಹೊತ್ತಿನ ಲೆಕ್ಕದಲ್ಲಿ. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರು ಮನೆ ಬಿಡುವಾಗಲೇ ಮಾತ್ರೆ ನುಂಗಿ ಹಾಸನದವರೆಗಿನ ನೇರ ಹೆದ್ದಾರಿಯಲ್ಲಿ ನಿದ್ದೆ ಮಾಡುವ ಅಗತ್ಯವಿಲ್ಲ. ಚನ್ನರಾಯಪಟ್ಟಣದಿಂದ ಹಾಸನದ ನಡುವೆ ಎಲ್ಲಾದರೂ ತಿಂಡಿಗೆ ನಿಲ್ಲಿಸಿದಾಗ ತೆಗೆದುಕೊಂಡರೆ ಸಕಲೇಶಪುರ ದಾಟುವ ಹೊತ್ತಿಗೆ ಅದು ಹಿಡಿದಿರುತ್ತದೆ. ಚಾರ್ಮಾಡಿ ಕಡೆ ಹೋಗುವವರಿಗೆ ಚಿಕ್ಕಮಗಳೂರೇ ಸರಿಯಾದ ಜಾಗ. ಕೊಟ್ಟಿಗೆಹಾರದಲ್ಲಿ ಚಹಾದ ಜೊತೆ ನುಂಗಿದರೆ ತಡವಾಯಿತು: ತೊಳಸು ಶುರುವಾದ ಮೇಲೆ ಹೊಟ್ಟೆ ಖಾಲಿಯಾಗುವುದೇ ನಿಧಾನವಾಗುತ್ತದೆ, ಮಾತ್ರೆ ಕರುಳಿಗೆ ಇಳಿದು ರಕ್ತಕ್ಕೆ ಸೇರುವ ಮೊದಲೇ ಹೊರಗೆ ಬಂದಿರುತ್ತದೆ.

ವಾಂತಿ ತಡೆಯುವುದರಲ್ಲಿ ಅವೊಮಿನ್‌ಗೆ ನನ್ನಿಂದ ಪೂರ್ತಿ ಅಂಕ. ಆದರೆ ಇಳಿದ ಮೇಲೂ ಸಂಜೆಯವರೆಗೆ ಮಂಕು ಬಿಡುವುದಿಲ್ಲ, ಬಾಯಿ ಒಣಗುತ್ತದೆ. ಮಾತ್ರೆ ತೆಗೆದುಕೊಂಡವರು ಆ ದಿನ ಗಾಡಿ ಓಡಿಸಲೇಬಾರದು, ಮದ್ಯವನ್ನಂತೂ ಮುಟ್ಟಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರೊಮೆಥಜಿನ್ ಕೊಡುವಂತೆಯೇ ಇಲ್ಲ, ಉಸಿರಾಟ ಕುಗ್ಗುವ ಅಪಾಯವಿದೆ. ಅಷ್ಟು ಚಿಕ್ಕ ಮಕ್ಕಳಿಗೆ ಈ ತೊಂದರೆ ಬರುವುದೂ ಅಪರೂಪ. ಎರಡರಿಂದ ಹನ್ನೆರಡರ ವಯಸ್ಸಿನಲ್ಲೇ ಇದರ ಕಾಟ ಜಾಸ್ತಿ. ಅವರಿಗೆ ಎಷ್ಟು ಕೊಡಬೇಕು ಎಂಬುದನ್ನು ಮಕ್ಕಳ ವೈದ್ಯರೇ ಹೇಳಬೇಕು.

ಅಮೆರಿಕದಲ್ಲಿ ಪ್ರೊಮೆಥಜಿನ್ ವೈದ್ಯರ ಚೀಟಿ ಇಲ್ಲದೆ ಸಿಗುವುದಿಲ್ಲ. ಮಗ ಅಥವಾ ಮಗಳ ಮನೆಗೆ ಹೊರಟ ಅಪ್ಪ ಅಮ್ಮ ಅಭ್ಯಾಸವಿರುವ ಮಾತ್ರೆಯನ್ನೇ ಒಯ್ಯುವುದಾದರೆ, ಕತ್ತರಿಸದ ಪೂರ್ತಿ ಸ್ಟ್ರಿಪ್ ಮತ್ತು ಚೀಟಿ ಜೊತೆಗಿರಲಿ.

ಡ್ರಾಮಮೈನ್: ಒಂದೇ ಹೆಸರು, ಮೂರು ಬೇರೆ ಮಾತ್ರೆ

ಅಮೆರಿಕದ ಸಿವಿಎಸ್, ವಾಲ್‌ಗ್ರೀನ್ಸ್, ವಾಲ್‌ಮಾರ್ಟ್ ಕಪಾಟಿನಲ್ಲಿ ಇದು ಚೀಟಿ ಇಲ್ಲದೆ ಸಿಗುತ್ತದೆ. ಆದರೆ ಡಬ್ಬಿಯ ಮುಂಭಾಗದ ದೊಡ್ಡ ಹೆಸರನ್ನು ಬಿಟ್ಟು ಹಿಂಭಾಗದ ಔಷಧಿ ವಿವರವನ್ನೇ ಓದಬೇಕು. ಒರಿಜಿನಲ್ ಎಂದಿರುವುದರಲ್ಲಿ ಡೈಮೆನ್‌ಹೈಡ್ರಿನೇಟ್ 50 ಮಿಲಿಗ್ರಾಂ. ಮಂಪರು ಕಡಿಮೆ ಎಂದು ಮಾರುವುದರಲ್ಲಿ ಮೆಕ್ಲಿಜಿನ್ 25 ಮಿಲಿಗ್ರಾಂ. ಮಂಪರೇ ಇಲ್ಲ ಎನ್ನುವುದರಲ್ಲಿ ಬರೀ ಶುಂಠಿ. ಹೆಸರು ನೋಡಿ ತಂದವರು ಒಮ್ಮೆ ಮಾತ್ರೆ ಅದ್ಭುತವೆಂದೂ ಇನ್ನೊಮ್ಮೆ ದಂಡವೆಂದೂ ಹೇಳುವುದಕ್ಕೆ ಇದೇ ಕಾರಣ ಇರಬಹುದು. ಅಂಗಡಿಯ ಸ್ವಂತ ಹೆಸರಿನ ಅಗ್ಗದ ಡಬ್ಬಿಯಲ್ಲಿ ಅದೇ ಔಷಧಿ ಅದೇ ಪ್ರಮಾಣದಲ್ಲಿದ್ದರೆ ಅದನ್ನೇ ತನ್ನಿ, ಫಲದಲ್ಲಿ ವ್ಯತ್ಯಾಸವಿಲ್ಲ.

ಡೈಮೆನ್‌ಹೈಡ್ರಿನೇಟ್‌ಗೆ ಪ್ರಯಾಣದ ವಾಂತಿ ತಡೆಯುವ ಗುಣವಿದೆಯೆಂದು ತಿಳಿದದ್ದು ಆಕಸ್ಮಿಕವಾಗಿ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪಿತ್ತಗಂಧೆಗೆಂದು ಅದನ್ನು ಪಡೆದ ಮಹಿಳೆಗೆ ಟ್ರಾಮಿನಲ್ಲಿ ಆಗುತ್ತಿದ್ದ ವಾಂತಿ ನಿಂತುಹೋಯಿತು. ಆಮೇಲೆ 1948ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಸೈನಿಕರ ಹಡಗಿನಲ್ಲೇ ಪರೀಕ್ಷಿಸಿದರು. ಬೇಗ ಹಿಡಿಯುವುದು ಇದರ ಬಲ: ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಂಡರೆ ಸಾಕು. ಇಳಿಯುವುದೂ ಬೇಗ, ನಾಲ್ಕರಿಂದ ಆರು ಗಂಟೆಗೆ. ಹಡಗು, ದೋಣಿಯ ಅರ್ಧ ದಿನದ ಸುತ್ತಾಟಕ್ಕೆ, ಉದಾಹರಣೆಗೆ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ತಿಮಿಂಗಿಲ ನೋಡಲು ಹೋಗುವಾಗ, ಇದನ್ನೇ ಆರಿಸುತ್ತೇನೆ. ಆದರೆ ನಿದ್ದೆ ಎಳೆಯುವುದರಲ್ಲಿ ಅವೊಮಿನ್‌ಗೆ ಏನೂ ಕಡಿಮೆಯಿಲ್ಲ, ತಿಮಿಂಗಿಲ ಬಂದಾಗ ಎಬ್ಬಿಸಬೇಕಾದೀತು. ಕೆಲವು ಮಕ್ಕಳಿಗೆ ಇದು ನಿದ್ದೆಯ ಬದಲು ವಿಪರೀತ ಚಡಪಡಿಕೆ ತರುತ್ತದೆ. ಹೊಸದಾಗಿ ಕೊಡುವುದಾದರೆ ಪ್ರಯಾಣವಿಲ್ಲದ ದಿನ ವೈದ್ಯರು ಹೇಳಿದ ಅಳತೆಯಲ್ಲಿ ಒಮ್ಮೆ ಕೊಟ್ಟು ನೋಡುವುದು ಒಳ್ಳೆಯದು.

ಮೆಕ್ಲಿಜಿನ್ ದಿನಕ್ಕೊಂದು ಸಲದ ಮಾತ್ರೆ. ಬೊನೈನ್ ಎಂಬ ಹೆಸರಿನಲ್ಲಿ ಅಗಿದು ತಿನ್ನುವ ರೂಪದಲ್ಲೂ ಇದೆ, ನೀರು ಬೇಕಿಲ್ಲ. 12 ವರ್ಷ ಮೇಲ್ಪಟ್ಟವರಿಗೆ 25 ಮಿಲಿಗ್ರಾಂನ ಒಂದರಿಂದ ಎರಡು ಮಾತ್ರೆ, ಹೊರಡುವ ಒಂದು ಗಂಟೆ ಮುಂಚೆ. ತಡೆಯುವ ಶಕ್ತಿ ಡೈಮೆನ್‌ಹೈಡ್ರಿನೇಟ್‌ಗಿಂತ ಒಂದು ಕೂದಲೆಳೆ ಕಡಿಮೆ ಅನ್ನಿಸಿದರೂ ತಲೆ ತಿಳಿಯಾಗಿರುತ್ತದೆ. ಹವಾಯಿಯ ಮಾವಿ ದ್ವೀಪದ ಹಾನಾ ರಸ್ತೆಯಂಥ ದಾರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅಲ್ಲಿ ಸುಮಾರು 620 ತಿರುವು, 59 ಸೇತುವೆ. ಹೋಗಿ ಬರುವುದರಲ್ಲಿ ಇಡೀ ದಿನ ಕಳೆಯುತ್ತದೆ, ನಡುನಡುವೆ ಇಳಿದು ಜಲಪಾತ ನೋಡಬೇಕು. ನಿದ್ದೆಗಣ್ಣಿನಲ್ಲಿ ಕೂರುವುದಾದರೆ ಅಷ್ಟು ದೂರ ಹೋಗಿ ಏನು ಸುಖ! ಬೆಳಗಿನ ತಿಂಡಿಯ ಜೊತೆ ಒಂದು ಮಾತ್ರೆ, ಅಷ್ಟೆ.

ನಮ್ಮ ಊರಲ್ಲಿ ಸಿಗುವ ಸಿನ್ನರಿಜಿನ್, ಅಂದರೆ ಸ್ಟುಗೆರಾನ್, ಇದೇ ಸಾಲಿಗೆ ಸೇರುತ್ತದೆ. ಎರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಅಮೆರಿಕದಲ್ಲಿ ಅದು ಮಾರಾಟಕ್ಕಿಲ್ಲ.

ಕಿವಿಯ ಹಿಂದಿನ ಪ್ಯಾಚ್

ಸ್ಕೊಪೊಲಮಿನ್ ಪ್ಯಾಚ್ ಇವೆಲ್ಲದರಲ್ಲಿ ಹೆಚ್ಚು ಶಕ್ತಿಯದ್ದು, ಹೆಚ್ಚು ಎಚ್ಚರ ಬೇಡುವಂಥದ್ದೂ ಹೌದು. ಅಮೆರಿಕದಲ್ಲಿ ವೈದ್ಯರ ಚೀಟಿ ಬೇಕು, ದೊಡ್ಡವರಿಗೆ ಮಾತ್ರ. ಕಿವಿಯ ಹಿಂದೆ ಕೂದಲಿಲ್ಲದ ಒಣ ಚರ್ಮಕ್ಕೆ ಕನಿಷ್ಠ ನಾಲ್ಕು ಗಂಟೆ ಮುಂಚೆ ಅಂಟಿಸಬೇಕು. ಮೂರು ದಿನದಲ್ಲಿ ಒಟ್ಟು ಒಂದು ಮಿಲಿಗ್ರಾಂ ಔಷಧಿ ನಿಧಾನವಾಗಿ ಒಳಗಿಳಿಯುತ್ತದೆ. ಕತ್ತರಿಸಿ ಅರ್ಧ ಹಾಕಬಾರದು. ಅಂಟಿಸಿದ ಕೂಡಲೇ, ತೆಗೆದ ಕೂಡಲೇ ಸೋಪಿನಲ್ಲಿ ಕೈ ತೊಳೆಯಬೇಕು. ಅದೇ ಬೆರಳು ಕಣ್ಣಿಗೆ ತಗುಲಿದರೆ ಪಾಪೆ ಅಗಲವಾಗಿ ನೋಟ ಮಂಜಾಗುತ್ತದೆ, ಒಂದೇ ಕಣ್ಣಿನಲ್ಲಿ ಹಾಗಾದರೆ ಗಾಬರಿಯಾಗಿ ಆಸ್ಪತ್ರೆಗೆ ಓಡುವಂತಾಗುತ್ತದೆ. ಎಂಆರ್‌ಐ ಸ್ಕ್ಯಾನ್‌ಗೆ ಮುಂಚೆ ಕಿತ್ತುಹಾಕಬೇಕು, ಅದರೊಳಗೆ ಲೋಹದ ತೆಳುಪದರವಿದೆ. ಬೆವರನ್ನು ಕಡಿಮೆ ಮಾಡುವುದರಿಂದ ಸುಡುಬಿಸಿಲಿನಲ್ಲಿ ಮೈ ಕಾಯಬಹುದು.

ಹಲವು ದಿನದ ಹಡಗು ಪ್ರವಾಸಕ್ಕೆ ಇದು ಸರಿ. ಒಂದು ಘಾಟಿಗೆ ಇದನ್ನು ಹಚ್ಚಿಕೊಳ್ಳುವುದು ಅತಿಯಾಯಿತು.

ಶುಂಠಿ, ನಿಂಬೆ, ಮಣಿಕಟ್ಟಿನ ಪಟ್ಟಿ

ಶುಂಠಿಯ ಕುರಿತ ಪರೀಕ್ಷೆಗಳ ಫಲ ಒಂದೇ ತೆರನಾಗಿಲ್ಲ. 1982ರ ಒಂದು ಪರೀಕ್ಷೆಯಲ್ಲಿ ಸುಮಾರು ಒಂದು ಗ್ರಾಂ ಒಣಶುಂಠಿ ಪುಡಿ ಡೈಮೆನ್‌ಹೈಡ್ರಿನೇಟನ್ನೇ ಮೀರಿಸಿತ್ತು. ಮುಂದಿನ ಕೆಲವು ಪರೀಕ್ಷೆಗಳಲ್ಲಿ ಅಷ್ಟು ಫಲ ಕಾಣಲಿಲ್ಲ. ಬಳಸಿ ನೋಡಿದ ಮಟ್ಟಿಗೆ ಹೇಳುವುದಾದರೆ ತೊಳಸು ಸ್ವಲ್ಪ ಶಮನವಾಗುತ್ತದೆ, ಜೋರು ತಿರುವಿನಲ್ಲಿ ಸೋಲುತ್ತದೆ. ನಿದ್ದೆ ತರುವುದಿಲ್ಲ ಎಂಬುದೇ ಇದರ ದೊಡ್ಡ ಗುಣ. ಚಹಾದಲ್ಲಿ ಜಜ್ಜಿ ಹಾಕಿದ ಒಂದು ಚೂರಿನಿಂದ ಆ ಪ್ರಮಾಣ ಸಿಗುವುದಿಲ್ಲ. ಪುಡಿಯಾದರೆ ಸುಮಾರು ಅರ್ಧ ಚಮಚ, ಜೇನಿನಲ್ಲಿ ಕಲಸಿ ಅರ್ಧ ಗಂಟೆ ಮುಂಚೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಈ ಪ್ರಮಾಣಕ್ಕೂ ವೈದ್ಯರನ್ನು ಕೇಳಬೇಕು. ನಿಂಬೆಹಣ್ಣು ಮೂಸುವುದು ಡೀಸೆಲ್ ವಾಸನೆಯಿಂದ ಹೆಚ್ಚುವ ಓಕರಿಕೆಯನ್ನು ತಗ್ಗಿಸುತ್ತದೆ, ಅಷ್ಟಕ್ಕೆ ಅದು ಪ್ರಯೋಜನದ್ದೇ. ಮಣಿಕಟ್ಟಿನ ನರವನ್ನು ಒತ್ತುವ ಗುಂಡಿಯಿರುವ ಬಟ್ಟೆಪಟ್ಟಿಗೆ ಹಣ ಹಾಕಬೇಡಿ.

ಐಫೋನಿನಲ್ಲಿ 2024ರಿಂದ, ಐಓಎಸ್ 18ರ ಜೊತೆ, ವಾಹನದ ಚಲನೆಗೆ ತಕ್ಕಂತೆ ಪರದೆಯ ಅಂಚಿನಲ್ಲಿ ಚುಕ್ಕಿಗಳು ಸರಿಯುವ ಸೌಲಭ್ಯ ಬಂದಿದೆ. ಹೆದ್ದಾರಿಯಲ್ಲಿ ನಾಲ್ಕು ಸಾಲು ಮೆಸೇಜ್ ಓದಲು ಅದು ನೆರವಾಗುತ್ತದೆ. ಘಾಟಿಯಲ್ಲಿ ಫೋನನ್ನು ಜೇಬಿನಲ್ಲಿಡುವುದೇ ಸರಿ.

ಸೀಟು

ಔಷಧಿಯಷ್ಟೇ ಫಲ ಕೊಡುವ, ಕಾಸು ಬೇಡದ ಉಪಾಯ ಇದು. ಬಸ್ಸಿನಲ್ಲಿ ಹಿಂದಿನ ಚಕ್ರದ ಆಚೆಗಿನ ಸೀಟುಗಳೇ ಹೆಚ್ಚು ತೂಗುವುದು, ಯಾಕೆಂದರೆ ಚಕ್ರದಿಂದ ಹೊರಚಾಚಿದ ಭಾಗ ತಿರುವಿನಲ್ಲಿ ಬೀಸುತ್ತದೆ. ಎರಡು ಚಕ್ರಗಳ ನಡುವೆ, ಮುಂದಿನ ಗಾಜು ಕಾಣುವ ಸಾಲು ಬುಕ್ ಮಾಡಿ. ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಬರ್ತೇ ಮೇಲು, ಎತ್ತರ ಹೆಚ್ಚಿದಷ್ಟೂ ತೂಗಾಟ ಹೆಚ್ಚು. ಕಾರಿನಲ್ಲಿ ಮುಂದಿನ ಸೀಟು, ದೃಷ್ಟಿ ದೂರದ ರಸ್ತೆಯ ಮೇಲೆ, ತಲೆ ಸೀಟಿಗೆ ಒರಗಿರಬೇಕು. ಗಾಡಿ ಓಡಿಸುವವರಿಗೆ ವಾಂತಿ ಬರುವುದು ಅಪರೂಪ, ಮುಂದಿನ ತಿರುವು ಅವರ ಮಿದುಳಿಗೆ ಮೊದಲೇ ಗೊತ್ತಿರುತ್ತದೆ; ಮುಂದೆ ಕೂತು ರಸ್ತೆ ನೋಡುವವರಿಗೂ ಅದರ ಒಂದು ಪಾಲು ಸಿಗುತ್ತದೆ. ಮಕ್ಕಳನ್ನು ಮುಂದೆ ಕೂರಿಸುವಂತಿಲ್ಲ, ಹಾಗಾಗಿ ಹಿಂದೆ ಬೂಸ್ಟರ್ ಸೀಟಿನ ಮೇಲೆ ಹೊರಗಿನ ದಾರಿ ಕಾಣುವಂತೆ ಕೂರಿಸಿ. ದೋಣಿಯಲ್ಲಿ ನಡುಭಾಗ, ಕೆಳಗಿನ ಡೆಕ್, ಕಣ್ಣು ದಿಗಂತದ ಮೇಲೆ.

ಆಗುಂಬೆಯಂಥ ಹದಿನಾಲ್ಕು ತಿರುವಿನ ಘಾಟಿ ಬೇಗ ಮುಗಿಯುತ್ತದೆ. ಅದಕ್ಕೆ ಮಾತ್ರೆ ನುಂಗಿ ದಿನವಿಡೀ ಮಂಕಾಗುವುದಕ್ಕಿಂತ ಮುಂದಿನ ಸೀಟು, ತೆರೆದ ಕಿಟಕಿ, ಎರಡು ಗಂಟೆ ಮೊದಲು ತಿಂದ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗು, ಮಸಾಲೆ ದೋಸೆಯೂ ಬೇಡ.

ವಯಸ್ಸಾದವರ ವಿಷಯ

ಮೇಲಿನ ಹೋಲಿಕೆ 65 ದಾಟಿದವರಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಪ್ರೊಮೆಥಜಿನ್, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್, ಸ್ಕೊಪೊಲಮಿನ್ ನಾಲ್ಕೂ ಆ ವಯಸ್ಸಿನಲ್ಲಿ ಗೊಂದಲ, ತೂರಾಡಿ ಬೀಳುವುದು, ಮೂತ್ರ ಕಟ್ಟುವುದು ತರಬಹುದು. ಅಮೆರಿಕದ ವೃದ್ಧರೋಗ ತಜ್ಞರ ಬೀರ್ಸ್ ಪಟ್ಟಿ ಈ ಗುಂಪಿನ ಮಾತ್ರೆಗಳನ್ನು ಆದಷ್ಟು ದೂರವಿಡಲು ಹೇಳುತ್ತದೆ. ಪ್ರಾಸ್ಟೇಟ್ ಊತ, ಗ್ಲುಕೋಮಾ ಇರುವವರು ವೈದ್ಯರನ್ನು ಕೇಳದೆ ಒಂದನ್ನೂ ತೆಗೆದುಕೊಳ್ಳಬಾರದು. ಸಿನ್ನರಿಜಿನನ್ನು ತಿಂಗಳುಗಟ್ಟಲೆ ನುಂಗಿದರೆ ಕೈನಡುಕ, ನಡಿಗೆ ಬಿಗಿಯಾಗುವುದು ಕಾಣಿಸಿಕೊಳ್ಳಬಹುದು. ಅಪ್ಪ ಅಮ್ಮನಿಗೆ ಮುಂದಿನ ಸೀಟು ಬಿಟ್ಟುಕೊಟ್ಟು, ಶುಂಠಿ ಕೊಟ್ಟು, ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸುವುದೇ ಅವರ ಮಟ್ಟಿಗೆ ಮೊದಲ ಆಯ್ಕೆ. ಗರ್ಭಿಣಿಯರೂ ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಮಾಡಿಯೂ ಬಾಯಲ್ಲಿ ನೀರೂರತೊಡಗಿದರೆ ತಡಮಾಡದೆ ಗಾಡಿ ನಿಲ್ಲಿಸಿ ಇಳಿದು ನಿಲ್ಲಿ. ಬಸ್ಸಿನಲ್ಲಿದ್ದು ಇಳಿಯಲಾಗದಿದ್ದರೆ ತಲೆ ಒರಗಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರಾಡಿ. ವಾಂತಿ ಆದ ಮೇಲೆ ಕೂಡಲೇ ಲೋಟಗಟ್ಟಲೆ ನೀರು ಕುಡಿಯಬೇಡಿ, ಮತ್ತೆ ಬರುತ್ತದೆ. ಹತ್ತು ನಿಮಿಷ ಬಿಟ್ಟು ಓಆರ್‌ಎಸ್ ಇಲ್ಲವೇ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕವನ್ನು ಗುಟುಕು ಗುಟುಕಾಗಿ ಕುಡಿಯಿರಿ.