ಅಲ್ಟ್ರಾ 10, ಸೊಲಾರಿಸ್ 8: ಸ್ವಾಪ್ ಫೈಲ್ ಸೇರಿಸಿ ವರ್ಷಗಟ್ಟಲೆ ಓಡಿಸಿದ ಮೇಲೆ

ಯಂತ್ರ: ಸನ್ ಕಂಪನಿಯ ಹಳೇ ವರ್ಕ್‌ಸ್ಟೇಷನ್ ಅಲ್ಟ್ರಾ 10, 440 ಮೆಗಾಹರ್ಟ್ಸ್, 512 ಎಂಬಿ ಮೆಮೊರಿ, ಐಡಿಇ ಡಿಸ್ಕ್. ಓಡುವುದು ಸನ್‌ನದೇ ಯುನಿಕ್ಸ್ ಆದ ಸೊಲಾರಿಸ್ 8. ಸ್ವಾಪ್ ಎಂದರೆ ರ್ಯಾಮ್ ಸಾಲದಾಗ ಮೆಮೊರಿಯ ಪುಟಗಳನ್ನು ಇಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ. ಬೆಂಗಳೂರಿನ ನಮ್ಮ ಸಣ್ಣ ಡಿಸೈನ್ ಆಫೀಸಿನಲ್ಲಿ ಹಳೇ ಸರ್ಕ್ಯೂಟ್ ಸಿಮ್ಯುಲೇಟರ್ ಒಂದಿದೆ. ಅದರ ಲೈಸೆನ್ಸು ಈ ಪೆಟ್ಟಿಗೆಯ ಹೋಸ್ಟ್‌ಐಡಿಗೆ, ಅಂದರೆ ಯಂತ್ರದ ಗುರುತಿನ ಸಂಖ್ಯೆಗೆ, ಕಟ್ಟಿಬಿದ್ದಿದೆ, ಹಾಗಾಗಿ ಇದನ್ನು ಇನ್ನೂ ಸಾಕುತ್ತಿದ್ದೇವೆ. (ಹೋಸ್ಟ್‌ಐಡಿ ಇಟ್ಟುಕೊಳ್ಳುವ ಎನ್‌ವಿರ್ಯಾಮ್ ಚಿಪ್ಪಿನ ಬ್ಯಾಟರಿ ಸಾಯುವ ಗೋಳು ಬೇರೆಯೇ ಇದೆ.)

ಸಿಮ್ಯುಲೇಶನ್ ಅರ್ಧಕ್ಕೆ ಬಂದಾಗ 'ನಾಟ್ ಎನಫ್ ಸ್ಪೇಸ್' ಎಂದು ನಿಂತುಬಿಡುತ್ತಿತ್ತು. ಹೊಸಬರು ಇದನ್ನು ನೋಡಿದ ಕೂಡಲೇ ಡಿಸ್ಕಿನ ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ಹೊಡೆದು, ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇದೆಯಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ಸೊಲಾರಿಸ್‌ನಲ್ಲಿ ಈ ಮಾತು ಬರುವುದು ಮೆಮೊರಿ ಸಿಗದಿದ್ದಾಗ.

ಪರಿಹಾರ ಎರಡೇ ಕಮಾಂಡು. ರೂಟ್ (ಅಡ್ಮಿನ್) ಆಗಿ ಫೈಲು ಮಾಡಲು 'ಎಂಕೆಫೈಲ್ 1024ಎಂ /ಎಕ್ಸ್‌ಪೋರ್ಟ್/ಸ್ವಾಪ್‌ಫೈಲ್', ಆಮೇಲೆ ಅದನ್ನು ಸ್ವಾಪ್‌ಗೆ ಸೇರಿಸಲು ಅದೇ ಹೆಸರು ಕೊಟ್ಟು 'ಸ್ವಾಪ್ -ಎ'. ಎಂಕೆಫೈಲ್ ಇಡೀ ಫೈಲಿಗೆ ಸೊನ್ನೆ ಬರೆಯುವುದರಿಂದ ಈ ಡಿಸ್ಕಿನಲ್ಲಿ ಸಾವಕಾಶವಾಗಿ ಸಾಗುತ್ತದೆ. ಬೇಗ ಮುಗಿಯಲಿ ಎಂದು '-ಎನ್' ಹಾಕಬೇಡಿ. ಅದು ಖಾಲಿ ಫೈಲು ಮಾಡಿಕೊಡುತ್ತದೆ, ಲೋಕಲ್ ಡಿಸ್ಕಿನಲ್ಲಿ ಸ್ವಾಪ್ ಅದನ್ನು ಒಪ್ಪುವುದಿಲ್ಲ. ರೀಬೂಟ್ ಬೇಡ, ಓಡುತ್ತಿರುವ ಕೆಲಸ ನಿಲ್ಲಿಸುವುದೂ ಬೇಡ. ಮುಂದಿನ ಬೂಟಿನಲ್ಲೂ ಉಳಿಯಲು ವಿಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟಿನಲ್ಲಿ ಯಾವ ಡಿಸ್ಕು, ಸ್ವಾಪ್ ಜೋಡಿಸಬೇಕೆಂದು ಹೇಳುವ ಫೈಲು) ಒಂದು ಸಾಲು ಸೇರಿಸಬೇಕು. ಏಳು ಕಾಲಮ್ಮು, ಇಲ್ಲದ ಕಡೆ ಅಡ್ಡಗೆರೆ. ಒಂದು ಗೆರೆ ತಪ್ಪಿದರೂ ಆ ಸಾಲು ಕೆಲಸಕ್ಕೆ ಬಾರದು.

'ಸ್ವಾಪ್ -ಎಲ್' ಹೊಡೆದರೆ ನಮ್ಮ ಫೈಲಿನ ಮುಂದೆ 2097136 ಬ್ಲಾಕು ಕಾಣುತ್ತದೆ. ಇವು 512 ಬೈಟಿನ ಬ್ಲಾಕುಗಳು, ಮೊದಲ 16 ಬಿಟ್ಟು ಲೆಕ್ಕ. ಪಕ್ಕದ 'ಫ್ರೀ' ಕಾಲಮ್ಮನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಬಹುತೇಕ ದಿನ ಅಲ್ಲೂ ಅದೇ ಸಂಖ್ಯೆ. ಅಂದರೆ ಫೈಲಿಗೆ ಏನೂ ಬರೆದೇ ಇಲ್ಲ, ಆದರೂ ಎರರ್ ಮಾಯ!

ಗುಟ್ಟು ಇಷ್ಟೇ. ಸೊಲಾರಿಸ್ ಕೈಯಲ್ಲಿ ಇಲ್ಲದ ಮೆಮೊರಿಯನ್ನು ಕೊಡುತ್ತೇನೆಂದು ಹೇಳುವುದಿಲ್ಲ. ಪ್ರೋಗ್ರಾಮು ಕೇಳಿದಷ್ಟನ್ನು ರ್ಯಾಮ್ ಮತ್ತು ಸ್ವಾಪ್ ಸೇರಿದ ಮೊತ್ತದಲ್ಲಿ ಮೊದಲೇ ಕಾಯ್ದಿರಿಸುತ್ತದೆ, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. 400 ಎಂಬಿ ಹಿಡಿದು ಕೂತ ಸಿಮ್ಯುಲೇಟರ್ ಒಂದು ಪುಟ್ಟ ಶೆಲ್ ಕಮಾಂಡ್ ಕರೆಯಲು ಫೋರ್ಕ್ ಮಾಡಿದರೂ (ಅಂದರೆ ತನ್ನದೇ ನಕಲೊಂದನ್ನು ಹುಟ್ಟಿಸಿದರೂ), ಆ ಒಂದು ಗಳಿಗೆಗೆ ಹೆಚ್ಚುಕಡಿಮೆ ಇನ್ನೊಂದು 400 ಎಂಬಿಯ ಲೆಕ್ಕ ತೋರಿಸಬೇಕು. ತೋರಿಸಲಾಗದಿದ್ದರೆ ಫೋರ್ಕ್ ಫೇಲ್. ಲಿನಕ್ಸ್ ಆಗಿದ್ದರೆ ಸಾಮಾನ್ಯವಾಗಿ ಹೂಂ ಎಂದುಬಿಡುತ್ತದೆ, ಆಮೇಲೆ ಮೆಮೊರಿ ನಿಜಕ್ಕೂ ಮುಗಿದಾಗ ಯಾವುದೋ ಪ್ರೋಗ್ರಾಮನ್ನು ಕೊಲ್ಲುತ್ತದೆ. ನನಗೆ ಸೊಲಾರಿಸ್‌ನ ಜಿಪುಣತನವೇ ಇಷ್ಟ. ಆದ್ದರಿಂದ ಕಣ್ಣಿಡಬೇಕಾದದ್ದು '-ಎಲ್' ಮೇಲೆ ಅಲ್ಲ, 'ಸ್ವಾಪ್ -ಎಸ್' ಕೊನೆಯಲ್ಲಿ ಕೊಡುವ 'ಅವೈಲಬಲ್' ಮೇಲೆ.

ವೇಗ ಹೆಚ್ಚುತ್ತದೆ ಎಂದುಕೊಂಡವರಿಗೆ ನಿರಾಶೆ ಖಂಡಿತ. ಮೆಮೊರಿಯ ಸ್ಥಿತಿ ತೋರಿಸುವ ವಿಎಂಸ್ಟ್ಯಾಟ್‌ನಲ್ಲಿ 'ಎಸ್‌ಆರ್' ಕಾಲಮ್ಮು (ಖಾಲಿ ಮಾಡಲು ಪುಟಗಳನ್ನು ಹುಡುಕುವ ವೇಗ) ಬಿಡದೆ ಏರುತ್ತಿದ್ದರೆ ಅದು ರ್ಯಾಮಿನ ಬರ. ಆಗ ಎಷ್ಟು ಸ್ವಾಪ್ ಸುರಿದರೂ ಡಿಸ್ಕು ಗರಗರ ಎನ್ನುವುದು ತಪ್ಪದು. ಇದರಲ್ಲಿ ಮೆಮೊರಿ 1 ಜಿಬಿಗೆ ನಿಲ್ಲುತ್ತದೆ, ಹಳೇ ಇಡಿಒ ಮಾದರಿಯ ರ್ಯಾಮ್ ಪಟ್ಟಿಗಳನ್ನು ಜೋಡಿಯಲ್ಲೇ ಹಾಕಬೇಕು. ಹುಡುಕಲು ತಾಳ್ಮೆ ಬೇಕು.

ನನ್ನ ದೊಡ್ಡ ದೂರು ತಾತ್ಕಾಲಿಕ ಫೈಲುಗಳ /ಟಿಎಂಪಿ ಬಗ್ಗೆ. ಅದು ಡಿಸ್ಕಿನ ಡೈರೆಕ್ಟರಿಯಲ್ಲ, ಟಿಎಂಪಿಎಫ್‌ಎಸ್, ಅಂದರೆ ಫೈಲುಗಳನ್ನು ರ್ಯಾಮ್ ಮತ್ತು ಸ್ವಾಪ್‌ನಲ್ಲೇ ಇಡುವ ಫೈಲ್ ಸಿಸ್ಟಮ್. ಅಲ್ಲಿ ಬಿದ್ದ ಪ್ರತಿ ಫೈಲೂ ಇದೇ ಮೊತ್ತದಿಂದ ಕಿತ್ತುಕೊಳ್ಳುತ್ತದೆ. ಸಿಮ್ಯುಲೇಟರ್ ತನ್ನ ವೇವ್‌ಫಾರ್ಮ್ ಫೈಲುಗಳನ್ನು ಅಲ್ಲಿಗೇ ಸುರಿಯುತ್ತಿತ್ತು, ನಾವು ಸೇರಿಸಿದ ಜಾಗವನ್ನೂ ಅದೇ ನುಂಗುತ್ತಿತ್ತು. ವಿಎಫ್‌ಎಸ್‌ಟ್ಯಾಬ್‌ನ /ಟಿಎಂಪಿ ಸಾಲಿನಲ್ಲಿ 'ಸೈಜ್=200ಎಂ' ಎಂದು ಮಿತಿ ಹಾಕಿ, ಸಿಮ್ಯುಲೇಟರಿನ ಟಿಎಂಪಿಡಿಐಆರ್ ಅನ್ನು (ತಾತ್ಕಾಲಿಕ ಫೈಲು ಎಲ್ಲಿಡಬೇಕೆಂದು ಹೇಳುವ ಸೆಟ್ಟಿಂಗು) ಬೇರೆ ಕಡೆ ತಿರುಗಿಸಿದ ಮೇಲೆ ನೆಮ್ಮದಿ. ಇಂಥ ಮಿತಿ ಮೊದಲೇ ಇರಬೇಕಿತ್ತು. ಅದಕ್ಕೇ ಈ ಸ್ವಾಪ್ ವ್ಯವಸ್ಥೆಗೆ ಐದರಲ್ಲಿ ನಾಲ್ಕು ಅಂಕ.

ತೆಗೆಯುವುದೂ ಸುಲಭ: 'ಸ್ವಾಪ್ -ಡಿ'. ಒಳಗಿರುವ ಪುಟಗಳಿಗೆ ಬೇರೆ ಕಡೆ ಜಾಗ ಸಿಕ್ಕರಷ್ಟೇ ತೆಗೆಯುತ್ತದೆ, ಇಲ್ಲದಿದ್ದರೆ ಒಪ್ಪುವುದಿಲ್ಲ. ಸೊಲಾರಿಸ್ 10ಕ್ಕೆ ಹೋಗಿ ಝೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇಟ್ಟುಕೊಂಡವರು ಎಂಕೆಫೈಲ್ ದಾರಿ ಹಿಡಿಯಬೇಡಿ. ಅಲ್ಲಿ ಸ್ವಾಪ್ ಫೈಲ್ ನಡೆಯುವುದಿಲ್ಲ, ಝೆಡ್‌ಎಫ್‌ಎಸ್ ವಾಲ್ಯೂಮ್ ಮಾಡಿ ಅದನ್ನೇ 'ಸ್ವಾಪ್ -ಎ'ಗೆ ಕೊಡಬೇಕು.